ಸ್ವಲೀನ ಮಕ್ಕಳು ಮತ್ತು ಕಾಲೇಜಿನ ಬಾಗಿಲು: ಒಂದು ಹಿನ್ನೋಟ



ಕಲಿಯಲು ಬಂದವರನ್ನು ಕಡೆಗಣಿಸಬಾರದೆಂಬ ಪಾಠ ನಮ್ಮಲ್ಲಿ ಬಹಳ ಹಳೆಯದು. ಪ್ರವಾದಿ ಮುಹಮ್ಮದ್(ಸ) ಅವರು ಮಕ್ಕಾದ ಮುಖಂಡರೊಡನೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್(ರ) ಕಲಿಯಲು ಬಂದ ಪ್ರಸಂಗ ನಿಮಗೆ ಗೊತ್ತಿದೆ. ಪವಿತ್ರ ಕುರ್‌ಆನ್‌ನ 'ಅಬಸ' ಅಧ್ಯಾಯಕ್ಕೆ ಆ ಪ್ರಸಂಗವೇ ಹಿನ್ನೆಲೆ. ಮುಂದೆ ಅವರು ಮದೀನಾದಲ್ಲಿ ಅಜಾನ್ ಕೂಗುವವರಾದರು. ಪ್ರವಾದಿಯವರು ಊರಿನಲ್ಲಿಲ್ಲದಾಗ ಊರಿನ ಹೊಣೆಯನ್ನೂ ಹೊತ್ತರು.

ಅಂಧತ್ವ ಕಣ್ಣಿಗೆ ಕಾಣುತ್ತದೆ. ಆದರೆ ಸ್ವಲೀನತೆ, ಅಂದರೆ ಆಟಿಸಂ, ನೋಡಿದ ಕೂಡಲೇ ಕಾಣುವುದಿಲ್ಲ. ಆದ್ದರಿಂದಲೇ ಅದಕ್ಕೆ ಮನ್ನಣೆ ಸಿಗಲು ಬಹಳ ವರ್ಷಗಳು ಹಿಡಿದವು.

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ನೀಡಿ ಈ ಸ್ಥಿತಿಯನ್ನು ಲೋಕಕ್ಕೆ ಪರಿಚಯಿಸಿದರು. ಆಮೇಲೆ ಹಲವು ವರ್ಷ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ತಜ್ಞರೇ ಹೇಳಿದರು. ಎಷ್ಟು ತಾಯಂದಿರು ಈ ಅಪವಾದ ಹೊತ್ತು ಕಣ್ಣೀರಿಟ್ಟರೋ! 1964ರಲ್ಲಿ ಬರ್ನಾರ್ಡ್ ರಿಮ್‌ಲೆಂಡ್ ಈ ವಾದವನ್ನು ಅಲ್ಲಗಳೆದು, ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆ ಎಂದರು. ಚೆನ್ನಾಗಿ ಮಾತನಾಡುವ, ಓದಿನಲ್ಲಿ ಚುರುಕಾದ ಮಕ್ಕಳಲ್ಲಿಯೂ ಸ್ವಲೀನತೆ ಇರಬಹುದೆಂಬುದು 1981ರ ಲೋರ್ನಾ ವಿಂಗ್ ಅವರ ಲೇಖನದಿಂದ ಹೆಚ್ಚು ಜನರಿಗೆ ತಿಳಿಯಿತು. ಈ ಇಬ್ಬರೂ ಸ್ವಲೀನ ಮಕ್ಕಳ ಪಾಲಕರೇ ಆಗಿದ್ದರೆಂಬುದು ಗಮನಾರ್ಹ.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನು ಹೆಸರಿಸಿತು. ಅದರಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂದರೂ ಕಾಲೇಜಿನ ಸೀಟಿನ ಮಾತು ಬರಲಿಲ್ಲ. ಕೊನೆಗೆ 2016ರ ಕಾಯ್ದೆ 21 ವೈಕಲ್ಯಗಳಲ್ಲಿ ಇದನ್ನೂ ಸೇರಿಸಿತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ದೊರೆಯಿತು. ಲೆಕ್ಕ ಹಾಕಿ ನೋಡಿ: 1995ರಲ್ಲಿ ಹುಟ್ಟಿದ ಮಗು ಪದವಿ ಮುಗಿಸುವ ವಯಸ್ಸಿಗೆ ಬಂದಾಗ ಈ ಹಕ್ಕು ಬಂತು.

ಹಕ್ಕು ಬಂದರೂ ದಾರಿ ಸುಗಮವಾಗಲಿಲ್ಲ. ಶಾಲೆಯಲ್ಲಿ ಒಂದೇ ಕೋಣೆ, ಅದೇ ಬೆಂಚು, ಪರಿಚಯದ ಗುರುಗಳು. ಕಾಲೇಜಿನಲ್ಲಿ ಗಂಟೆಗೊಂದು ಕೋಣೆ, ಹೊಸ ಮುಖಗಳು, ಗದ್ದಲ. ಬಾದಾಮಿಯಿಂದಲೋ ಹುನಗುಂದದಿಂದಲೋ ಬಾಗಲಕೋಟೆಗೆ ಬರುವವರಿಗೆ ಬಸ್ಸಿನ ನೂಕುನುಗ್ಗಲು ಬೇರೆ. ಬುದ್ಧಿ ಸಾಲದೆ ಅಲ್ಲ, ಈ ಹಠಾತ್ ಬದಲಾವಣೆ ತಾಳಲಾರದೆ ಇಂಥ ಮಕ್ಕಳು ಓದು ಬಿಡುವ ಅಪಾಯವಿದೆ.

ಇಳಕಲ್ ಸೀರೆಯನ್ನು ನೆನೆಯಿರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ನಮ್ಮ ನೇಕಾರರು ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಶಾಲೆ ಮತ್ತು ಕಾಲೇಜಿನ ನಡುವೆ ಬೇಕಾದುದು ಇಂಥದೇ ಕೊಂಡಿ.

ಪಾಲಕರೇ, ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ವೈಕಲ್ಯ ಪ್ರಮಾಣಪತ್ರ ಮಾಡಿಸಿರಿ. ರಜೆಯಲ್ಲಿ ಮಗುವಿಗೆ ಕಾಲೇಜಿನ ಕೋಣೆಗಳನ್ನು, ಗ್ರಂಥಾಲಯವನ್ನು ಎರಡು ಮೂರು ಸಲ ತೋರಿಸಿರಿ. ಅಧ್ಯಾಪಕರೇ, ವೇಳಾಪಟ್ಟಿಯನ್ನು ಬರೆದು ಕೊಡಿ. ಬದಲಾವಣೆಯಿದ್ದರೆ ಮುಂಚೆಯೇ ತಿಳಿಸಿ. ಸುತ್ತುಮಾತಿಲ್ಲದೆ ನೇರವಾಗಿ ಹೇಳಿ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಲು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಅವಕಾಶ ಮಾಡಿತು. ಇಂಥ ಸೌಲಭ್ಯಕ್ಕೆ ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ ಅರ್ಜಿ ಹಾಕಿಸಿ. ವಿದ್ಯಾರ್ಥಿ ಮಿತ್ರರೇ, ಕಣ್ಣಿಗೆ ಕಣ್ಣಿಟ್ಟು ಮಾತನಾಡದ ಸಹಪಾಠಿಯನ್ನು ಗರ್ವಿಷ್ಠನೆಂದು ತಿಳಿಯಬೇಡಿ, ಅವನನ್ನು ಅಣಕಿಸಬೇಡಿ. ನಿಮ್ಮಲ್ಲಿ ಒಬ್ಬರು ದಿನವೂ ಜೊತೆಗೆ ನಡೆದರೆ ಅವನ ಭಯ ಅರ್ಧ ಕಡಿಮೆಯಾದೀತು.

ವಿದ್ಯೆಯಿಂದ ದೂರ ಉಳಿದವರನ್ನು ಕರೆತರಲೆಂದೇ ನಮ್ಮಂಥ ಸಂಸ್ಥೆಗಳು ಹುಟ್ಟಿದವು. ಮನೆಯಲ್ಲೇ ಉಳಿದಿರುವ ಈ ಮಕ್ಕಳನ್ನು ಕರೆತರುವ ತನಕ ಆ ಕೆಲಸ ಮುಗಿಯಲಿಲ್ಲ. ಬರುವ ಪ್ರವೇಶದ ದಿನಗಳಲ್ಲಿ ಪ್ರತಿ ಕಾಲೇಜೂ ಇದಕ್ಕಾಗಿ ಒಬ್ಬ ಅಧ್ಯಾಪಕರನ್ನು ನೇಮಿಸಲಿ. ಅಲ್ಲಾಹನು ಈ ಸತ್ಕಾರ್ಯಕ್ಕೆ ನಮಗೆಲ್ಲ ಶಕ್ತಿ ನೀಡಲಿ. ಆಮೀನ್.