ಮಕ್ಕಳ ಇನ್‌ಫ್ಲುಯೆಂಜಾ: ಆಸ್ಪತ್ರೆ ಸೇರಿಸುವ ತೊಡಕುಗಳು

ಇನ್‌ಫ್ಲುಯೆಂಜಾ ಬಹುತೇಕ ಮಕ್ಕಳಲ್ಲಿ ತಾನಾಗಿಯೇ ವಾಸಿಯಾಗುವ ಜ್ವರ. ಆದರೂ ಒಂದು ಜಾಗತಿಕ ಅಂದಾಜಿನಂತೆ, 2018ರಲ್ಲಿ ಐದು ವರ್ಷದೊಳಗಿನ ಸುಮಾರು 8.7 ಲಕ್ಷ ಮಕ್ಕಳು ಈ ವೈರಸ್ಸಿನಿಂದ ಶ್ವಾಸಕೋಶದ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ಎರಡು ವರ್ಷದೊಳಗಿನ ಕೂಸುಗಳು, ಅಸ್ತಮಾ, ಹೃದ್ರೋಗ ಅಥವಾ ನರಸಂಬಂಧಿ ಕಾಯಿಲೆ ಇರುವವರು ಹೆಚ್ಚು ಅಪಾಯದಲ್ಲಿರುತ್ತಾರೆಂಬುದು ಸರ್ವಸಮ್ಮತ. ಹಾಗೆಂದು ಉಳಿದವರ ಬಗ್ಗೆ ನಿಶ್ಚಿಂತರಾಗಿರಲು ಆಧಾರವಿಲ್ಲ. ಅಮೆರಿಕದಲ್ಲಿ 2003–04ರ ಹಂಗಾಮಿನಲ್ಲಿ ಮೃತಪಟ್ಟ 153 ಮಕ್ಕಳ ಪೈಕಿ ಶೇ. 47ರಷ್ಟು ಮಂದಿ ಅದಕ್ಕೂ ಮುಂಚೆ ಆರೋಗ್ಯವಾಗಿಯೇ ಇದ್ದವರು, ಶೇ. 29ರಷ್ಟು ಮಂದಿ ಕಾಯಿಲೆ ಶುರುವಾದ ಮೂರು ದಿನದೊಳಗೇ ತೀರಿಕೊಂಡರು.

ತೊಡಕುಗಳಲ್ಲಿ ಮುಖ್ಯವಾದುದು ನ್ಯುಮೋನಿಯಾ. ವೈರಸ್ಸು ಶ್ವಾಸನಾಳದ ಒಳಪದರವನ್ನು ಹಾಳುಗೆಡವಿದ ಮೇಲೆ, ಮೂಗು ಗಂಟಲಲ್ಲಿ ತೆಪ್ಪಗಿದ್ದ ನ್ಯುಮೋಕಾಕಸ್, ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾಗಳು ಕೆಳಗಿಳಿಯುತ್ತವೆ. ಇಳಿದ ಜ್ವರ ಮತ್ತೆ ಏರಿತೆಂದರೆ ಇದನ್ನೇ ಮೊದಲು ಶಂಕಿಸಬೇಕು. ಇದನ್ನು ಗುರುತಿಸಲು ಎಕ್ಸ್‌ರೇಗೆ ಕಾಯಬೇಕಿಲ್ಲ: ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡರಿಂದ ಹನ್ನೊಂದು ತಿಂಗಳ ಕೂಸಿಗೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ. ಜೊತೆಗೆ ಪಕ್ಕೆಯೂ ಒಳಸೆಳೆಯುತ್ತಿದ್ದರೆ ತಡಮಾಡುವಂತಿಲ್ಲ.

ಶಾಲಾ ಮಕ್ಕಳಲ್ಲಿ, ಅದರಲ್ಲೂ ಬಿ ಮಾದರಿಯ ಸೋಂಕಿನಲ್ಲಿ, ಬೇರೊಂದು ಚಿತ್ರ ಕಾಣಬಹುದು. ಜ್ವರ ಬಿಡುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡು, ಮಗು ತುದಿಗಾಲಲ್ಲಿ ನಡೆಯುತ್ತದೆ, ಇಲ್ಲವೇ ನಡೆಯಲೊಲ್ಲದು. ಮನೆಯವರು ಲಕ್ವವೆಂದು ಗಾಬರಿಯಾಗುವುದು ಸಹಜ. ಇದು ಸ್ನಾಯುವಿನ ಉರಿಯೂತ. ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಶಮನವಾಗುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಮೂತ್ರಪಿಂಡದ ಚಿಂತೆ.

ಜ್ವರದ ಫಿಟ್ಸ್ ಹೆಚ್ಚಾಗಿ ನಿರಪಾಯಕಾರಿ. ಆದರೆ ಫಿಟ್ಸ್ ನಿಂತರೂ ಪ್ರಜ್ಞೆ ಮರಳದಿದ್ದರೆ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ಜ್ವರ ಇಳಿಸಲು ಆಸ್ಪಿರಿನ್ ಅಂತೂ ಕೂಡದು: ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇ ಸಿಂಡ್ರೋಮಿಗೂ ಅದಕ್ಕೂ ಇರುವ ನಂಟು 1980ರ ದಶಕದಲ್ಲೇ ಸ್ಪಷ್ಟವಾಗಿದೆ.

ವೈರಸ್ ನಿರೋಧಕವಾದ ಒಸೆಲ್ಟಾಮಿವಿರ್ ಔಷಧದ ಫಲ ಕಾಯಿಲೆ ಶುರುವಾದ ಮೊದಲ 48 ಗಂಟೆಗಳಲ್ಲಿ ಹೆಚ್ಚು. ಆಸ್ಪತ್ರೆ ಸೇರುವಷ್ಟು ಬಳಲಿದ ಮಗುವಿಗೆ ಆ ಗಡುವು ಮೀರಿದ್ದರೂ ಕೊಡುವುದು ಯುಕ್ತ. ಪರೀಕ್ಷಾ ವರದಿಗಾಗಿ ಕಾಯುವುದು ಸಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ರೋಗ ತಡೆಯಲು ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆ ಶಿಫಾರಸು ಮಾಡಿದೆ. ಆದರೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಇಲ್ಲದಿರುವುದರಿಂದ, ಕೈಯಿಂದ ದುಡ್ಡು ಕೊಡಬಲ್ಲವರ ಮಕ್ಕಳಿಗಷ್ಟೇ ಈ ರಕ್ಷಣೆ ದಕ್ಕುತ್ತಿದೆ.