ಟ್ರಂಕಿನಲ್ಲಿ ಉಳಿದ ಕೆಂಪು ಗುಳಿಗೆ

ನಮ್ಮ ಕಡೆ ಯಾರನ್ನಾದರೂ "ಹೆಂಗದೀರಿ?" ಅಂತ ಕೇಳಿ ನೋಡಿ. "ಅರಾಮ ಅದೀವಿ" ಅಂದ ಮೇಲೆ ಎರಡನೇ ಮಾತು "ಯಾಕೋ ಭಾಳ ಸುಸ್ತು" ಅಂತಲೇ ಬರುತ್ತದೆ. ಬ್ಯಾಡಗಿಯಲ್ಲಿ ದಿನವಿಡೀ ಕುಂತು ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳು, ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆಯ ಹೊಲದಲ್ಲಿ ಒಂದೊಂದೇ ಹೂವಿಗೆ ಕ್ರಾಸಿಂಗ್ ಮಾಡುವವರು, ಬೆಳಿಗ್ಗೆ ಉಣ್ಣದೆ ಹಾವೇರಿ ಬಸ್ಸು ಹಿಡಿಯುವ ಕಾಲೇಜು ಹುಡುಗಿಯರು, ಎಲ್ಲರದೂ ಅದೇ ಮಾತು. ಉತ್ತರಕ್ಕೆ ಈಗ ಫೋನಿನಲ್ಲಿ ಜಾಹೀರಾತುಗಳು ಸಾಲುಗಟ್ಟಿವೆ. ಶಕ್ತಿ ಕೊಡುವ ಪುಡಿ, ಮನಸ್ಸು ಹಗುರ ಮಾಡುವ ಕ್ಯಾಪ್ಸೂಲ್, ಮಲ್ಟಿವಿಟಮಿನ್ ಡಬ್ಬಿ.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಪುಕ್ಕಟೆ ಬಂದ ಕೆಂಪು ಗುಳಿಗೆಯ ಹಾಳೆಗಳು ಮನೆಯ ಟ್ರಂಕಿನಲ್ಲಿ ಹಾಗೇ ಬಿದ್ದಿರುತ್ತವೆ. ನಮ್ಮ ಮನೆಗಳಲ್ಲೇ ನಾವಿದನ್ನು ಕಂಡಿದ್ದೇವೆ. ಆ ಗುಳಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಉಂಡಿಯಿಂದ ಕಬ್ಬಿಣಕ್ಕೆ

ಶಕ್ತಿಗೆಂದು ಏನಾದರೂ ತಿನ್ನುವುದು ನಮಗೆ ಹೊಸದಲ್ಲ. ಬಾಣಂತಿಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಅಂಟಿನ ಉಂಡಿ ಕಟ್ಟುತ್ತಿದ್ದರು. ಈಗಲೂ ಕಟ್ಟುತ್ತಾರೆ. ಅದರ ಜೊತೆ ಸಿಗುತ್ತಿದ್ದ ದೊಡ್ಡ ಔಷಧ ಎಂದರೆ ವಿಶ್ರಾಂತಿ.

ಯುರೋಪಿನಲ್ಲಿ ಆಗ ಹರೆಯದ ಹುಡುಗಿಯರು ಬಿಳಿಚಿಕೊಂಡು, ಏದುಸಿರು ಬಿಟ್ಟು, ಮಂಕಾಗಿ ಕೂರುವ ಒಂದು ಕಾಯಿಲೆ ಇತ್ತು. 1832ರಲ್ಲಿ ಪಿಯರ್ ಬ್ಲೋ ಎಂಬ ಫ್ರೆಂಚ್ ವೈದ್ಯ ಅದಕ್ಕೆ ಕಬ್ಬಿಣದ ಲವಣದ ಗುಳಿಗೆ ಕೊಟ್ಟ. ನಮ್ಮ ರಕ್ತದಲ್ಲಿ ಉಸಿರನ್ನು ಹೊತ್ತು ಮೈಯೆಲ್ಲ ಹಂಚುವುದು ಹಿಮೋಗ್ಲೋಬಿನ್. ಅದರ ನಡುವೆ ಇರುವುದು ಕಬ್ಬಿಣ. ಕಬ್ಬಿಣ ಕಡಿಮೆಯಾದರೆ ಸ್ನಾಯುಗೂ ಮೆದುಳಿಗೂ ಉಸಿರು ಸಾಲದು. ಮೈ ಭಾರ, ಮನಸ್ಸೂ ಭಾರ.

ಮುಂಬೈ ಗಿರಣಿಯ ಬಸುರಿಯರು

ಧಾರವಾಡ ಸೀಮೆಯ ಹತ್ತಿ ಒಂದು ಕಾಲದಲ್ಲಿ ಮುಂಬೈಗೆ ಹೋಗುತ್ತಿತ್ತು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಾರಣ ಹುಡುಕಲು 1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಎಂಬ ವೈದ್ಯೆ ಬಂದರು. ಆ ಹೆಂಗಸರು ಏನು ಉಣ್ಣುತ್ತಾರೆ ಎಂಬುದನ್ನೇ ಅವರು ಮೊದಲು ನೋಡಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರೊಳಗಿನ ಸತ್ವ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1941ರಲ್ಲಿ ಅದೇ ಸತ್ವವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. 1945ರ ಸುಮಾರಿಗೆ ಅದನ್ನು ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಹಂಗೇರಿಯ ಮೆಣಸಿನಕಾಯಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿಯ ದೂರದ ಬಂಧು ಹಂಗೇರಿಯ ಪ್ಯಾಪ್ರಿಕಾ. ಅಲ್ಲಿನ ಸೆಗೆಡ್ ಊರಿನ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿಗೆ ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪ್ಯಾಪ್ರಿಕಾ ಬಡಿಸಿದರಂತೆ. ತಿನ್ನಲು ಮನಸ್ಸಿಲ್ಲದೆ ಪ್ರಯೋಗಾಲಯಕ್ಕೆ ಒಯ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ವಿಟಮಿನ್ ಸಿ ತುಂಬಿತ್ತು. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಈ ವಿಟಮಿನ್‌ಗೂ ನಮ್ಮ ಗುಳಿಗೆಗೂ ನಂಟಿದೆ. ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತದೆ, ಚಹಾ ಅಡ್ಡ ಬರುತ್ತದೆ. ಆದರೆ ಕಾಯಿ ಒಣಗಿದಾಗ ಈ ಸತ್ವ ಬಹುಪಾಲು ಹೋಗುತ್ತದೆ. ಹಾಗಾಗಿ ಒಣ ಮೆಣಸಿನಕಾಯಿಯನ್ನು ನೆಚ್ಚುವಂತಿಲ್ಲ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಪೇರಲ ತಿನ್ನಿ. ಚಹಾ ಒಂದೆರಡು ತಾಸು ಬಿಟ್ಟು ಕುಡಿಯಿರಿ.

ಪುಕ್ಕಟೆ ಗುಳಿಗೆ, ದುಬಾರಿ ಡಬ್ಬಿ

1970ರಲ್ಲಿ ಕೇಂದ್ರ ಸರ್ಕಾರ ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಗುಳಿಗೆ ಹಂಚಲು ಆರಂಭಿಸಿತು. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಕೆಂಪು, ಹರೆಯದವರಿಗೆ ನೀಲಿ, ಚಿಕ್ಕ ಶಾಲಾಮಕ್ಕಳಿಗೆ ಗುಲಾಬಿ ಬಣ್ಣದ ಗುಳಿಗೆ ಬಂದವು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು.

ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹೆದರಿ ಬಿಡುತ್ತಾರೆ. ಮಲ ಕಪ್ಪಾಗುವುದು ಕಬ್ಬಿಣದ ಸಹಜ ಗುಣ ಎಂದು ಹೇಳುವವರು ಸಿಗುವುದಿಲ್ಲ. ಅದೇ ಮನೆಯಲ್ಲಿ ದುಬಾರಿ ಪುಡಿಯ ಡಬ್ಬಿ ಖಾಲಿಯಾಗುತ್ತದೆ. ಅಂಥ ಡಬ್ಬಿಯ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಬರೆದಿರಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಕ್ಷರ ಸಣ್ಣದು, ಯಾರೂ ಓದುವುದಿಲ್ಲ.

ಡಬ್ಬಿ ತಿಂದ ಮೇಲೆ ಚೇತರಿಕೆ ಅನ್ನಿಸುವುದು ಸುಳ್ಳೂ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಕ್ತಹೀನತೆ ಇಲ್ಲದ, ಆದರೆ ಸದಾ ಸುಸ್ತು ಎನ್ನುವ 144 ಹೆಂಗಸರಲ್ಲಿ ಕೆಲವರಿಗೆ ಕಬ್ಬಿಣ, ಉಳಿದವರಿಗೆ ಹುಸಿ ಗುಳಿಗೆ ಕೊಟ್ಟರು. ಕಬ್ಬಿಣ ತಿಂದವರ ಸುಸ್ತು ಶೇ. 29ರಷ್ಟು ಇಳಿಯಿತು. ಹುಸಿ ಗುಳಿಗೆ ನುಂಗಿದವರದೂ ಶೇ. 13ರಷ್ಟು ಇಳಿಯಿತು. ನಂಬಿಕೆಗೂ ಸ್ವಲ್ಪ ಬಲವಿದೆ ಅಂದಂತಾಯಿತು. ಆದರೆ ನಿಜವಾದ ಲಾಭ ಕಂಡದ್ದು ಮೈಯಲ್ಲಿ ಕಬ್ಬಿಣದ ದಾಸ್ತಾನು ಕಡಿಮೆ ಇದ್ದವರಿಗೆ. ಕೊರತೆ ಇದ್ದಲ್ಲಿ ತುಂಬಿದರೆ ಗುಣ, ಇಲ್ಲದಲ್ಲಿ ತುಂಬಿದರೆ ದುಡ್ಡು ದಂಡ.

ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆಯಿಂದಲೂ ಸುಸ್ತು ಬರುತ್ತದೆ. ಇನ್ನೊಂದು ಮಾತು, ಕಬ್ಬಿಣದ ಗುಳಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಒಟ್ಟಿಗೆ ನುಂಗಿದರೆ ಪ್ರಾಣಕ್ಕೆ ಅಪಾಯ.

ಗುಳಿಗೆಗೆ ಬಗ್ಗದ ಸುಸ್ತು

2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಯಿತು. ವಾಹನಗಳು ಸುಟ್ಟವು. ಅಂಥ ವರ್ಷ ಸಾಲ ಹೊತ್ತವನ ನಿದ್ದೆಗೇಡಿಗೆ ಯಾವ ವಿಟಮಿನ್ ಇದೆ? ರಕ್ತ ಸರಿಯಿದ್ದೂ ವಾರಗಟ್ಟಲೆ ಯಾವುದೂ ಬೇಡ ಅನ್ನಿಸಿದರೆ ಡಬ್ಬಿ ಕೊಳ್ಳಬೇಡಿ, ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಲೂಸಿ ವಿಲ್ಸ್ ದುಡಿಯುವ ಹೆಂಗಸಿನ ಸುಸ್ತನ್ನು ಸೋಮಾರಿತನ ಅನ್ನಲಿಲ್ಲ. ನೀನು ಏನು ಉಂಡೆ ಎಂದು ಕೇಳಿದರು. ಇವತ್ತು ಸಂಜೆ ನಾವೂ ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರನ್ನು ಅದೇ ಪ್ರಶ್ನೆ ಕೇಳೋಣ. ಆಮೇಲೆ ಟ್ರಂಕು ತೆಗೆದು, ಗುಳಿಗೆಯ ಮೇಲಿನ ತಾರೀಖು ನೋಡೋಣ.