ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಲೆಟರು, ಅವ್ವನ ಫೋನು

2021ರ ಸಂಕ್ರಾಂತಿಗೆ ಇನ್ನು ನಾಲ್ಕೈದು ದಿನ ಇತ್ತು. ವಾಟ್ಸಾಪ್ ತೆರೆದ ಕೂಡಲೇ ಎಲ್ಲರ ಫೋನಿನಲ್ಲೂ ಒಂದು ನೋಟಿಸು ಬರತೊಡಗಿತು. ಫೆಬ್ರವರಿ 8ರೊಳಗೆ ಹೊಸ ನಿಯಮಗಳನ್ನು ಒಪ್ಪಿಕೊಳ್ಳಬೇಕು, ಒಪ್ಪದವರಿಗೆ ವಾಟ್ಸಾಪ್ ಇಲ್ಲ ಎಂಬುದು ಅದರ ಸಾರಾಂಶ.

ನಾನಾಗ ಪತ್ರಿಕೋದ್ಯಮ ಓದಿ ಮುಗಿಸಿ ಊರಿಗೆ ಬಂದಿದ್ದೆ. ನಾಲ್ಕಕ್ಷರ ಹೆಚ್ಚು ತಿಳಿದವನೆಂಬ ಹುಮ್ಮಸ್ಸು ಬೇರೆ. ನಮ್ಮ ಓಣಿಯ ಗ್ರೂಪಿಗೆ ಉದ್ದನೆಯ ಮೆಸೇಜು ಬರೆದು ಹಾಕಿದೆ. "ಇನ್ನು ಮುಂದೆ ಎಲ್ಲರೂ ಸಿಗ್ನಲ್ ಆ್ಯಪ್‌ಗೆ ಬನ್ನಿ" ಎಂದು ಲಿಂಕನ್ನೂ ಕೊಟ್ಟೆ. ಎಂಬತ್ತು ಮಂದಿಯಲ್ಲಿ ಏಳು ಮಂದಿ ಬಂದರು. ತಿಂಗಳು ತುಂಬುವುದರೊಳಗೆ ಅವರೂ ಹಳೆಯ ಗ್ರೂಪಿಗೇ ಮರಳಿದರು.

ಅವ್ವನಂತೂ ಬರಲೇ ಇಲ್ಲ. "ಹಾಲಿನ ಲೆಕ್ಕ, ಸಂಘದ ಲೆಕ್ಕ ಎಲ್ಲಾ ಹಳೇದ್ರಾಗ ಬರ್ತಾವ. ಅದನ್ನ ಬಿಟ್ಟು ನಾ ಎಲ್ಲಿಗ್ ಹೋಗ್ಲಿ?" ಎಂದಳು.

ನನಗೆ ಸಿಟ್ಟು ಬಂದಿತ್ತು. ನಮ್ಮ ಜನಕ್ಕೆ ಖಾಸಗಿತನ ಎಂದರೆ ಏನೂ ಅಲ್ಲ ಅಂದುಕೊಂಡೆ. ಆಮೇಲೆ ಇದರ ಇತಿಹಾಸ ಓದುತ್ತಾ ಹೋದಂತೆ ತಪ್ಪು ನನ್ನದೇ ಎಂದು ಗೊತ್ತಾಯಿತು. ಆ ಇತಿಹಾಸವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಾರ್ಡಿನಲ್ಲಿ ಬರೆಯುವುದು ಯಾವುದು?

ಭಾರತದಲ್ಲಿ ಪೋಸ್ಟ್ ಕಾರ್ಡು ಬಂದದ್ದು 1879ರ ಜುಲೈನಲ್ಲಿ. ಬೆಲೆ ಕಾಲಾಣೆ. ಕಾರ್ಡಿನ ಗುಣ ಎಲ್ಲರಿಗೂ ಗೊತ್ತಿತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಾಗಾಗಿ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ" ಎಂಬಂಥದ್ದಕ್ಕೆ ಕಾರ್ಡು. ಮೂಲೆ ಹರಿದ ಕಾರ್ಡು ಬಂದರೆ ಓದುವ ಮೊದಲೇ ಸಾವಿನ ಸುದ್ದಿ ಎಂದು ತಿಳಿಯುತ್ತಿತ್ತು.

ಸ್ವಾತಂತ್ರ್ಯದ ನಂತರ ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರು ಬಂತು. ಮಡಚಿ ಅಂಟಿಸಿದರೆ ಒಳಗಿನದು ಒಳಗೇ ಉಳಿಯಿತು. ಸಾಲದ ಮಾತು, ಸೊಸೆಯ ಮೇಲಿನ ದೂರು, ಗಂಡನ ಮನೆಯಿಂದ ಮಗಳು ತವರಿಗೆ ತೋಡಿಕೊಂಡ ಕಷ್ಟ ಎಲ್ಲವೂ ಅದರೊಳಗೆ ಹೋದವು. ಓದು ಬರಹ ಬಾರದವರು ಮೇಷ್ಟ್ರ ಹತ್ತಿರವೋ ಪೋಸ್ಟ್‌ಮ್ಯಾನ್ ಹತ್ತಿರವೋ ಬರೆಸುತ್ತಿದ್ದರು, ಓದಿಸುತ್ತಿದ್ದರು. ಆದರೆ ಯಾರ ಹತ್ತಿರ ಬರೆಸಬೇಕು ಎಂಬುದನ್ನು ಅಳೆದು ತೂಗಿಯೇ ಆರಿಸುತ್ತಿದ್ದರು.

ಯಾವುದನ್ನು ಕಾರ್ಡಿನಲ್ಲಿ ಬರೆಯಬೇಕು, ಯಾವುದನ್ನು ಅಂಟಿಸಿ ಕಳಿಸಬೇಕು ಎಂದು ಯಾರೂ ತರಬೇತಿ ಕೊಟ್ಟಿರಲಿಲ್ಲ. ಜನರಿಗೆ ತಾವಾಗಿಯೇ ಗೊತ್ತಿತ್ತು. ಇನ್‌ಲ್ಯಾಂಡ್ ಬಳಸುವುದು ಕಾರ್ಡಿಗಿಂತ ಕಷ್ಟವೇನೂ ಆಗಿರಲಿಲ್ಲ. ಅದೂ ಅದೇ ಅಂಚೆ ಕಚೇರಿಯಲ್ಲಿ ಸಿಗುತ್ತಿತ್ತು, ಅದೇ ಡಬ್ಬಿಗೆ ಬೀಳುತ್ತಿತ್ತು, ಅದೇ ವಿಳಾಸಕ್ಕೆ ತಲುಪುತ್ತಿತ್ತು.

ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್‌ಲ್ಯಾಂಡ್ ಅಂಟಿಸಿದ್ದರೂ ಅದರ ಹೊರಗೆ ಯಾರು, ಯಾರಿಗೆ, ಯಾವ ಊರಿನಿಂದ, ಯಾವ ದಿನ ಎಂಬುದೆಲ್ಲ ಕಾಣುತ್ತಿತ್ತು.

ಹನ್ನೆರಡು ಜನ, 90 ನಿಮಿಷ

ಇಮೇಲ್ ಶುರುವಾದಾಗ ಅದೂ ಒಂದು ಪೋಸ್ಟ್ ಕಾರ್ಡೇ ಆಗಿತ್ತು. ದಾರಿಯ ಕಂಪ್ಯೂಟರುಗಳಲ್ಲಿ ಯಾರು ಬೇಕಾದರೂ ಓದಬಹುದಿತ್ತು. 1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಎಂಬ ಎಂಜಿನಿಯರು ಪಿಜಿಪಿ ಎಂಬ ಸಾಫ್ಟ್‌ವೇರ್ ಬರೆದು ಉಚಿತವಾಗಿ ಹಂಚಿದರು. ಅದು ಇಮೇಲಿಗೆ ಬೀಗ ಹಾಕುತ್ತಿತ್ತು. ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ಬೇರೆ ಯಾರೂ ಓದಲಾಗದು. ಆ ಕಾಲಕ್ಕೆ ಅಮೆರಿಕದಲ್ಲಿ ಇಂಥ ಗಟ್ಟಿ ಬೀಗ ಯುದ್ಧ ಸಾಮಗ್ರಿಯ ಪಟ್ಟಿಯಲ್ಲಿತ್ತು. ಅನುಮತಿಯಿಲ್ಲದೆ ಅದನ್ನು ವಿದೇಶಕ್ಕೆ ಬಿಟ್ಟ ಆರೋಪದಲ್ಲಿ ಝಿಮ್ಮರ್‌ಮನ್ ಮೇಲೆ ತನಿಖೆ ನಡೆಯಿತು. 1996ರಲ್ಲಿ ಅದನ್ನು ಕೈಬಿಡಲಾಯಿತು.

ಬೀಗ ಸಿಕ್ಕಿತು, ಹಾಕಲು ಮಾತ್ರ ಜನರಿಗೆ ಬರಲಿಲ್ಲ. 1999ರಲ್ಲಿ ಅಲ್ಮಾ ವಿಟ್ಟನ್ ಮತ್ತು ಡೌಗ್ ಟೈಗರ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಇಮೇಲ್ ಬಳಸಿ ರೂಢಿಯಿದ್ದ, ಓದಿಕೊಂಡ ಹನ್ನೆರಡು ಜನರನ್ನು ಕೂರಿಸಿ 90 ನಿಮಿಷ ಕೊಟ್ಟರು. ಕೆಲಸ ಇಷ್ಟೇ: ಪಿಜಿಪಿ ಬಳಸಿ ಗುಟ್ಟಿನ ಪತ್ರವೊಂದನ್ನು ಬೀಗ ಹಾಕಿ, ಸಹಿ ಮಾಡಿ ಕಳಿಸುವುದು. ಸರಿಯಾಗಿ ಮಾಡಿದವರು ಮೂರರಲ್ಲಿ ಒಂದು ಪಾಲು ಮಾತ್ರ. ಮೂವರು ಕೈತಪ್ಪಿ ಆ ಗುಟ್ಟನ್ನು ಬೀಗವಿಲ್ಲದೆಯೇ ಕಳಿಸಿಬಿಟ್ಟಿದ್ದರು. ದೋಷ ಜನರಲ್ಲಿಲ್ಲ, ಸಾಧನ ಮಾಡಿದ ರೀತಿಯಲ್ಲಿದೆ ಎಂದು ಸಂಶೋಧಕರು ಬರೆದರು.

ಇದರಿಂದ ಜಗತ್ತಿನ ದೊಡ್ಡ ಸುದ್ದಿಯೊಂದು ಪತ್ರಕರ್ತರೊಬ್ಬರ ಕೈತಪ್ಪುವುದರಲ್ಲಿತ್ತು. 2012ರ ಡಿಸೆಂಬರ್‌ನಲ್ಲಿ ಗ್ಲೆನ್ ಗ್ರೀನ್‌ವಾಲ್ಡ್ ಎಂಬ ಪತ್ರಕರ್ತರಿಗೆ ಹೆಸರು ಹೇಳದ ವ್ಯಕ್ತಿಯೊಬ್ಬರು ಇಮೇಲ್ ಬರೆದರು. ಪಿಜಿಪಿ ಹಾಕಿಕೊಳ್ಳಿ, ಆಮೇಲೆ ಮಾತಾಡೋಣ ಎಂಬುದು ಬೇಡಿಕೆ. ಹೇಗೆ ಹಾಕಿಕೊಳ್ಳಬೇಕು ಎಂದು ವಿಡಿಯೋ ಮಾಡಿಯೂ ಕಳಿಸಿದರು. ಗ್ರೀನ್‌ವಾಲ್ಡ್ ನಾಳೆ ನಾಳೆ ಎಂದು ಮುಂದೂಡಿದರು. ಬರೆದವರು ಎಡ್ವರ್ಡ್ ಸ್ನೋಡೆನ್. ಬೇಸತ್ತು ಅವರು, ಇದು ಮೊದಲೇ ಬರುತ್ತಿದ್ದ ಲಾರಾ ಪೊಯಿಟ್ರಸ್ ಎಂಬ ಸಾಕ್ಷ್ಯಚಿತ್ರ ನಿರ್ದೇಶಕಿಗೆ ಬರೆದರು. ಅಮೆರಿಕ ಸರಕಾರ ಜನರ ಫೋನು, ಇಮೇಲುಗಳ ಮೇಲೆ ಹೇಗೆ ಕಣ್ಣಿಟ್ಟಿದೆ ಎಂಬ ಸುದ್ದಿ 2013ರ ಜೂನ್‌ನಲ್ಲಿ ಹೊರಬಿತ್ತು. ಗ್ರೀನ್‌ವಾಲ್ಡ್ ಪೊಯಿಟ್ರಸ್ ಮೂಲಕ ತಡವಾಗಿ ಆ ಕೆಲಸಕ್ಕೆ ಸೇರಿಕೊಂಡರು.

ಕಂಪ್ಯೂಟರಿನ ಮುಂದೆಯೇ ದಿನ ಕಳೆಯುವ ಪತ್ರಕರ್ತರೊಬ್ಬರಿಗೆ ಆಗದ ಕೆಲಸವನ್ನು ನಾನು ನನ್ನ ಓಣಿಯವರಿಗೆ ಒಂದು ಮೆಸೇಜಿನಲ್ಲಿ ಹೇಳಿಬಿಟ್ಟಿದ್ದೆ.

ತಾನಾಗಿ ಬಿದ್ದ ಬೀಗ

2010ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಸ್ಟುವರ್ಟ್ ಆಂಡರ್ಸನ್ ಬೇರೆ ದಾರಿ ಹಿಡಿದರು. ನೋಡಲು ಮಾಮೂಲಿ ಎಸ್ಸೆಮ್ಮೆಸ್ ಆ್ಯಪ್‌ನಂತೆಯೇ ಇರುವ ಟೆಕ್ಸ್ಟ್‌ಸೆಕ್ಯೂರ್ ಎಂಬ ಆ್ಯಪ್ ಮಾಡಿದರು. ಕರೆ ಮಾಡಲು ರೆಡ್‌ಫೋನ್ ಎಂಬ ಇನ್ನೊಂದು. 2015ರಲ್ಲಿ ಇವೆರಡೂ ಸೇರಿ ಸಿಗ್ನಲ್ ಆಯಿತು. ಬಳಸುವವರು ಬೀಗದ ಬಗ್ಗೆ ಏನೂ ಕಲಿಯಬೇಕಿಲ್ಲ, ಅದು ತಾನೇ ಬೀಳುತ್ತದೆ.

ಇದೇ ಹೊತ್ತಿಗೆ ವಾಟ್ಸಾಪ್ ಬೆಳೆದಿತ್ತು. 2009ರಲ್ಲಿ ಅದನ್ನು ಶುರು ಮಾಡಿದವರು ಯಾನ್ ಕೂಮ್ ಮತ್ತು ಬ್ರಯಾನ್ ಆ್ಯಕ್ಟನ್. ಕೂಮ್ ಹುಟ್ಟಿದ್ದು ಸೋವಿಯತ್ ಕಾಲದ ಉಕ್ರೇನಿನಲ್ಲಿ. ಇದು ಫೋನಿನಲ್ಲಿ ಆಡುವ ಮಾತಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ ಎಂದು ತಾಯಿ ಹೇಳುತ್ತಿದ್ದುದನ್ನು ಅವರು ಬರೆದುಕೊಂಡಿದ್ದಾರೆ. 2014ರಲ್ಲಿ ಫೇಸ್‌ಬುಕ್ 19 ಬಿಲಿಯನ್, ಅಂದರೆ 1,900 ಕೋಟಿ ಡಾಲರಿಗೆ ವಾಟ್ಸಾಪನ್ನು ಕೊಳ್ಳುವುದಾಗಿ ಪ್ರಕಟಿಸಿತು.

2016ರ ಏಪ್ರಿಲ್‌ನಲ್ಲಿ ವಾಟ್ಸಾಪ್ ತನ್ನ ಎಲ್ಲ ಮೆಸೇಜು, ಕರೆಗಳಿಗೆ ಬೀಗ ಹಾಕಿತು. ಆ ಬೀಗ ಸಿಗ್ನಲ್ ತಂಡ ರೂಪಿಸಿದ್ದೇ. ನೂರು ಕೋಟಿ ಜನರ ಮಾತಿಗೆ ಬೀಗ ಬಿತ್ತು. ನಮ್ಮ ಅವ್ವನಂಥ ಎಷ್ಟೋ ಜನರಿಗೆ ಅದು ಗೊತ್ತೂ ಆಗಲಿಲ್ಲ. 25 ವರ್ಷ ಉಪದೇಶ ಮಾಡಿ ಆಗದ್ದು, ಸಾಧನ ತಾನೇ ಬದಲಾದಾಗ ಆಯಿತು.

ಲಕೋಟೆಯ ಹೊರಮೈ

ಹಾಗಾದರೆ ಚಿಂತೆ ಯಾತಕ್ಕೆ? ಇನ್‌ಲ್ಯಾಂಡ್ ಲೆಟರಿನ ಹೊರಮೈ ನೆನಪಿಸಿಕೊಳ್ಳಿ. ಒಳಗಿನ ಮಾತು ಕಂಪನಿಗೆ ಕಾಣದು. ಆದರೆ ಯಾರು ಯಾರೊಂದಿಗೆ, ಯಾವಾಗ, ಎಷ್ಟು ಸಲ ಮಾತಾಡುತ್ತಾರೆ ಎಂಬ ಹೊರಗಿನ ವಿವರವೂ ಬಹಳ ಹೇಳುತ್ತದೆ. ಒಬ್ಬ ಹೆಣ್ಣುಮಗಳು ಮೊದಲು ಡಾಕ್ಟರಿಗೆ, ಆಮೇಲೆ ತವರಿಗೆ, ಆಮೇಲೆ ವಕೀಲರಿಗೆ ಫೋನು ಮಾಡಿದಳು ಎಂದರೆ ಮಾತು ಕೇಳದಿದ್ದರೂ ಅರ್ಧ ಕಥೆ ತಿಳಿದಂತೆಯೇ.

ಬೀಗ ಬಿದ್ದ ನಾಲ್ಕೇ ತಿಂಗಳಿಗೆ, 2016ರ ಆಗಸ್ಟ್‌ನಲ್ಲಿ, ಬಳಕೆದಾರರ ಫೋನ್ ನಂಬರು ಮತ್ತಿತರ ವಿವರಗಳನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವುದಾಗಿ ವಾಟ್ಸಾಪ್ ಹೇಳಿತು. ಇಬ್ಬರು ವಿದ್ಯಾರ್ಥಿಗಳು ದೆಹಲಿ ಹೈಕೋರ್ಟಿಗೆ ಹೋದರು. ಅಲ್ಲಿಂದ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು.

ಅದೇ ವರ್ಷ ಅಮೆರಿಕದ ನ್ಯಾಯ ವ್ಯವಸ್ಥೆ ಸಿಗ್ನಲ್ ಬಳಕೆದಾರರೊಬ್ಬರ ವಿವರ ಕೇಳಿತು. ಸಿಗ್ನಲ್ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಇಟ್ಟುಕೊಂಡಿದ್ದರೆ ತಾನೇ ಕೊಡುವುದು? ಎರಡು ಆ್ಯಪ್‌ಗಳ ಬೀಗ ಒಂದೇ ಆದರೂ ವ್ಯತ್ಯಾಸ ಇರುವುದು ಇಲ್ಲಿ.

2017ರಲ್ಲಿ ಬ್ರಯಾನ್ ಆ್ಯಕ್ಟನ್ ವಾಟ್ಸಾಪ್ ಬಿಟ್ಟರು. ಮರುವರ್ಷ 5 ಕೋಟಿ ಡಾಲರ್ ಹಾಕಿ, ಮಾರ್ಲಿನ್‌ಸ್ಪೈಕ್ ಜೊತೆ ಸಿಗ್ನಲ್ ಫೌಂಡೇಶನ್ ಕಟ್ಟಿದರು. ಅದು ಲಾಭಕ್ಕಾಗಿ ನಡೆಯದ ಸಂಸ್ಥೆ, ಜಾಹೀರಾತಿಲ್ಲ, ದೇಣಿಗೆಯಿಂದ ನಡೆಯುತ್ತದೆ.

ಇಲ್ಲಿ ನಮ್ಮ ನಾಡಿನ ಹಿರಿಯರೊಬ್ಬರನ್ನು ನೆನೆಯಲೇಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಖಾಸಗಿತನ ಪೇಟೆಯವರ ಚಿಂತೆ ಎನ್ನುವವರಿಗೆ ಆ ತೀರ್ಪು ಉತ್ತರ. ಅದು ನಿಮ್ಮದೂ ಹೌದು, ನಮ್ಮ ಅವ್ವನದೂ ಹೌದು.

ಓಡಿದ ಜನ, ಮರಳಿದ ಜನ

ಈಗ ಮತ್ತೆ 2021ರ ಜನವರಿಗೆ ಬರೋಣ. ನಿಮ್ಮ ಮೆಸೇಜುಗಳನ್ನೆಲ್ಲ ಇನ್ನು ಕಂಪನಿ ಓದುತ್ತದೆ ಎಂಬ ಫಾರ್ವರ್ಡುಗಳು ಹರಿದಾಡಿದವು. ಅದು ನಿಜವಲ್ಲ. ಮನೆಮಂದಿ, ಸ್ನೇಹಿತರ ನಡುವಿನ ಮಾತಿನ ಬೀಗ ಹಾಗೆಯೇ ಇತ್ತು. ಬದಲಾದದ್ದು ವ್ಯಾಪಾರಿ ಖಾತೆಗಳೊಂದಿಗಿನ ಮಾತು ಮತ್ತು ಹೊರಗಿನ ವಿವರ ಹಂಚಿಕೆಯ ನಿಯಮ. 2016ರಲ್ಲಿ ಹಳೆಯ ಬಳಕೆದಾರರಿಗೆ ಬೇಡ ಎನ್ನಲು 30 ದಿನದ ಅವಕಾಶವಾದರೂ ಇತ್ತು, ಈ ಸಲ ಅದೂ ಇರಲಿಲ್ಲ.

ಜನವರಿ 7ರಂದು ಇಲಾನ್ ಮಸ್ಕ್ ಸಿಗ್ನಲ್ ಬಳಸಿ ಎಂದು ಟ್ವೀಟ್ ಮಾಡಿದರು. ನುಗ್ಗಿದ ಜನಸಂದಣಿಗೆ ಜನವರಿ 15ರಂದು ಸಿಗ್ನಲ್ ಕೆಟ್ಟು ನಿಂತಿತು. ಟೆಲಿಗ್ರಾಮ್‌ಗೆ 72 ಗಂಟೆಯಲ್ಲಿ 2.5 ಕೋಟಿ ಜನ ಸೇರಿದರು ಎಂದು ಅದರ ಮುಖ್ಯಸ್ಥರು ಹೇಳಿಕೊಂಡರು. ಇಲ್ಲೊಂದು ಎಡವಟ್ಟಿತ್ತು. ಟೆಲಿಗ್ರಾಮ್‌ನ ಮಾಮೂಲಿ ಚಾಟಿಗೆ ಅಂಥ ಬೀಗವೇ ಇಲ್ಲ. ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದರೆ ಮಾತ್ರ ಇದೆ. ಖಾಸಗಿತನಕ್ಕೆಂದು ಓಡಿದವರಲ್ಲಿ ಎಷ್ಟೋ ಮಂದಿ ಇನ್‌ಲ್ಯಾಂಡ್ ಬಿಟ್ಟು ಕಾರ್ಡು ಹಿಡಿದಂತಾಯಿತು.

ವಾಟ್ಸಾಪ್ ಗಡುವನ್ನು ಮೇ 15ಕ್ಕೆ ಮುಂದೂಡಿತು. ಜನ ಮೆಲ್ಲಗೆ ಮರಳಿದರು. ಅದೇ ಮಾರ್ಚಿನಲ್ಲಿ ಭಾರತದ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. 2024ರ ನವೆಂಬರ್‌ನಲ್ಲಿ ವಾಟ್ಸಾಪ್‌ನ ಒಡೆತನದ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಹೋಯಿತು. ಆಯೋಗ ಕೊಟ್ಟ ಕಾರಣ ನೋಡಿ: ಎಲ್ಲರೂ ಒಂದೇ ಕಡೆ ಇರುವುದರಿಂದ, ಪರಿಣಾಮಕಾರಿ ಪರ್ಯಾಯ ಇಲ್ಲದಿರುವುದರಿಂದ ಜನ ಅನಿವಾರ್ಯವಾಗಿ ನಿಯಮ ಒಪ್ಪಬೇಕಾಯಿತು.

ಅವ್ವ ಆ ಜನವರಿಯಲ್ಲಿ ಕೇಳಿದ್ದೂ ಇದನ್ನೇ. ಅದನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ?

19 ರೂಪಾಯಿಯ ಪಾಠ

ಮೊದಲೆಲ್ಲ ಸಿಮ್ ಕಂಪನಿ ಬದಲಿಸಿದರೆ ನಂಬರೂ ಹೋಗುತ್ತಿತ್ತು. ಅಂಗಡಿಯ ಬೋರ್ಡು, ಬ್ಯಾಂಕಿನ ಖಾತೆ, ನೆಂಟರ ಡೈರಿ ಎಲ್ಲದರಲ್ಲೂ ಇದ್ದ ನಂಬರು. ಹಾಗಾಗಿ ನೆಟ್‌ವರ್ಕ್ ಸಿಗದಿದ್ದರೂ ಜನ ಹಳೆಯ ಸಿಮ್ಮನ್ನೇ ಹಿಡಿದು ಮನೆ ಮಾಳಿಗೆ ಹತ್ತುತ್ತಿದ್ದರು. 2011ರ ಜನವರಿ 20ರಿಂದ ದೇಶದಾದ್ಯಂತ 19 ರೂಪಾಯಿ ಶುಲ್ಕದಲ್ಲಿ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಯಿತು. ಜನರಿಗೆ ಏಕಾಏಕಿ ಬುದ್ಧಿ ಬಂತೆಂದಲ್ಲ. ಬದಲಿಸಿದರೆ ಆಗುವ ನಷ್ಟವನ್ನು ನಿಯಮ ತೆಗೆದುಹಾಕಿತು.

ಯುರೋಪಿನಲ್ಲಿ 2024ರ ಮಾರ್ಚಿನಿಂದ ಆ್ಯಪ್‌ಗಳಿಗೂ ಇಂಥ ನಿಯಮ ಬಂದಿದೆ. ಬೇರೆ ಮೆಸೇಜಿಂಗ್ ಸೇವೆ ಕೇಳಿದರೆ ದೊಡ್ಡ ಆ್ಯಪ್ ತನ್ನ ಬಾಗಿಲು ತೆರೆಯಬೇಕು. ಒಂದು ಅಂಚೆ ಕಚೇರಿಯಲ್ಲಿ ಹಾಕಿದ ಪತ್ರ ಇನ್ನೊಂದು ಕಚೇರಿಯ ಊರಿಗೂ ತಲುಪಿದ ಹಾಗೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಅಲ್ಲಿಯವರೆಗೆ ಈ ಕೆಲಸ ಪಕ್ಕದಲ್ಲಿ ಕೂತು ತೋರಿಸುವವರದ್ದು.

ಅವ್ವನ ಫೋನು

ಹೋದ ದೀಪಾವಳಿಗೆ ನಾನು ಮೆಸೇಜು ಬರೆಯಲಿಲ್ಲ, ಅವ್ವನ ಪಕ್ಕ ಕೂತೆ. ವಾಟ್ಸಾಪ್ ತೆಗೆಯಬೇಕಾಗಿಲ್ಲ, ಹಾಲು, ಸಂಘ, ಓಣಿ ಎಲ್ಲಾ ಅಲ್ಲೇ ಇರಲಿ ಎಂದೆ. ಸಿಗ್ನಲ್ ಹಾಕಿ ಅದರಲ್ಲಿ ಇಬ್ಬರನ್ನೇ ಸೇರಿಸಿದೆ, ನಾನು ಮತ್ತು ಬೆಂಗಳೂರಿನಲ್ಲಿರುವ ಅಕ್ಕ. ಮೊದಲ ಪರದೆಯಲ್ಲೇ ಇಬ್ಬರ ಫೋಟೋ ಕಾಣುವಂತೆ ಮಾಡಿದೆ. ಅಕ್ಕ ಅದರಿಂದಲೇ ಮೊಮ್ಮಗಳ ವಿಡಿಯೋ ಕಾಲ್ ಮಾಡತೊಡಗಿದಳು. ಅಷ್ಟು ಸಾಕಾಯಿತು. ಕಾರಣ ಖಾಸಗಿತನ ಅಲ್ಲ, ಮೊಮ್ಮಗಳು.

ಈಗ ಆಸ್ಪತ್ರೆಯ ಚೀಟಿ, ಪಾಸ್‌ಬುಕ್ಕಿನ ಫೋಟೋ ಅಲ್ಲಿಗೆ ಬರುತ್ತವೆ. ಸಂಕ್ರಾಂತಿ ಶುಭಾಶಯ, ದೇವರ ಫೋಟೋ ಹಳೆಯದರಲ್ಲೇ. ಯಾವುದು ಎಲ್ಲಿಗೆ ಎಂದು ನಾನು ಹೇಳಿಕೊಡಲಿಲ್ಲ.

ಮೊನ್ನೆ ಚಿಕ್ಕಮ್ಮ ವಾಟ್ಸಾಪಿನಲ್ಲಿ ತನ್ನ ಮಗಳ ಮದುವೆ ಮಾತುಕತೆಯ ಬಗ್ಗೆ ಏನೋ ಕೇಳಿದ್ದಳು. ಅವ್ವ ಫೋನು ಮಾಡಿ, "ಅದ್ರಾಗ ಬ್ಯಾಡ. ನಾಳೆ ಬಾ, ನಿನ್ನ ಫೋನಿಗೂ ಆ ನೀಲಿದು ಹಾಕ್ಕೊಡ್ತೀನಿ" ಅಂದಳು. ಮರುದಿನ ಇಬ್ಬರೂ ಜಗುಲಿಯ ಮೇಲೆ ಕೂತಿದ್ದರು. ಓಟಿಪಿ ಬರುವುದು ತಡವಾಯಿತು. ನನ್ನನ್ನು ಕರೆಯಲಿಲ್ಲ.